ಲಿಂಕ್ ಎಲ್ಲಿ ತೆರೆಯಬೇಕೆಂದು ತೀರ್ಮಾನಿಸುವವರು ಯಾರು?

ಪ್ರಶ್ನೆ: ನಾನು ಶಿರಸಿಯಲ್ಲಿ ಒಂದು ಚಿಕ್ಕ ಸೇವಾ ಕೇಂದ್ರ ನಡೆಸುತ್ತಿದ್ದೇನೆ. ಜೆರಾಕ್ಸ್ ಮಾಡುವುದರ ಜೊತೆಗೆ ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವುದು ಮುಖ್ಯ ಕೆಲಸ. ವಿಂಡೋಸ್ ಕಂಪ್ಯೂಟರಿನಲ್ಲಿ ಕ್ರೋಮ್ ಬಳಸುತ್ತೇನೆ. ಫೈರ್‌ಫಾಕ್ಸ್ ಇದ್ದರೂ ತೆರೆಯುವುದು ಕಡಿಮೆ. ಕೆಲವು ಸೈಟುಗಳಲ್ಲಿ ಅರ್ಜಿ ಅರ್ಧ ತುಂಬಿದ ಮೇಲೆ ‘ನಿಯಮಗಳು’ ಎಂಬ ಲಿಂಕ್ ಒತ್ತಿದರೆ ಅರ್ಜಿಯ ಜಾಗದಲ್ಲೇ ನಿಯಮಗಳ ಪುಟ ಬಂದು ಕೂರುತ್ತದೆ, ಹಿಂದಕ್ಕೆ ಬಂದರೆ ತುಂಬಿದ್ದೆಲ್ಲ ಖಾಲಿ. ಇನ್ನು ಕೆಲವು ಸೈಟುಗಳಲ್ಲಿ ಮುಟ್ಟಿದ್ದಕ್ಕೆಲ್ಲ ಹೊಸ ಟ್ಯಾಬ್ ತೆರೆಯುತ್ತದೆ, ಅಲ್ಲಿ ಹಿಂದಕ್ಕೆ ಹೋಗುವ ಬಾಣ ಕೆಲಸ ಮಾಡುವುದಿಲ್ಲ, ಸಂಜೆಯ ಹೊತ್ತಿಗೆ ನಲವತ್ತು ಟ್ಯಾಬ್ ಆಗಿರುತ್ತವೆ. ಕಳೆದ ತಿಂಗಳು ಒಂದು ಇಡೀ ಮಧ್ಯಾಹ್ನ ಯಾವ ಲಿಂಕ್ ಒತ್ತಿದರೂ ಬೇರೆಯೇ ವಿಂಡೋ ತೆರೆಯುತ್ತಿತ್ತು. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದ ಮೇಲೆ ಸರಿಯಾಯಿತು. ರಿಪೇರಿಯವರು ‘ಕ್ರೋಮ್ ಸೆಟ್ಟಿಂಗ್ ಬದಲಾಗಿದೆ’ ಎಂದು ಹೇಳಿ ಬ್ರೌಸರಿಗೆ ಸೇರಿಸುವ ಎಕ್ಸ್‌ಟೆನ್ಷನ್ ಎಂಬ ಸಣ್ಣ ತಂತ್ರಾಂಶವೊಂದನ್ನು ಹಾಕಿಕೊಟ್ಟಿದ್ದಾರೆ. ಹೊಸ ಟ್ಯಾಬಿನಲ್ಲಿ ತೆರೆದರೆ ಪಾಸ್‌ವರ್ಡ್ ಕದಿಯುತ್ತಾರೆ ಎಂದು ಒಬ್ಬರು ಹೆದರಿಸುತ್ತಾರೆ. ಒಬ್ಬೊಬ್ಬರ ಅರ್ಜಿಯನ್ನು ಒಂದೊಂದು ಟ್ಯಾಬಿನಲ್ಲಿ ತೆರೆದರೆ ಕೆಲಸವೂ ಬೇಗ, ಸುರಕ್ಷಿತವೂ ಹೌದು ಎಂದು ಇನ್ನೊಬ್ಬರು ಹೇಳುತ್ತಾರೆ. ಎಲ್ಲ ಲಿಂಕುಗಳೂ ಹೊಸ ಟ್ಯಾಬಿನಲ್ಲೇ ತೆರೆಯುವಂತೆ ಒಂದೇ ಸಲ ಹೊಂದಿಸಿಡಲು ಬರುವುದಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಪ್ರಶ್ನೆಯಂತೆ ಕಾಣುವುದರೊಳಗೆ ಬೇರೆ ಬೇರೆ ಮೂಲದ ನಾಲ್ಕೈದು ತೊಂದರೆಗಳು ಸೇರಿಕೊಂಡಿವೆ. ಅರ್ಜಿ ಅಳಿಸಿಹೋಗುವುದಕ್ಕೂ ಟ್ಯಾಬುಗಳು ಗುಡ್ಡೆ ಬೀಳುವುದಕ್ಕೂ ಕಾರಣ ಒಂದೇ ಅಲ್ಲ. ಆ ಮಧ್ಯಾಹ್ನದ ವಿಂಡೋಗಳ ಕಾಟಕ್ಕೆ ಬಹುಮಟ್ಟಿಗೆ ಬ್ರೌಸರ್ ಕಾರಣವೇ ಅಲ್ಲ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕ್ರೋಮಿನಲ್ಲಿ ಎಲ್ಲ ಲಿಂಕುಗಳನ್ನೂ ಹೊಸ ಟ್ಯಾಬಿನಲ್ಲೇ ತೆರೆಯುವಂತೆ ಮಾಡುವ ಸೆಟ್ಟಿಂಗ್ ಇಲ್ಲ. ಅಡಗಿಸಿಟ್ಟಿದ್ದಾರೆ ಎಂದಲ್ಲ, ಅಂಥದ್ದೊಂದು ಇಲ್ಲವೇ ಇಲ್ಲ. ಆದ್ದರಿಂದ ಅದು ತಾನಾಗಿ ಬದಲಾಗಿರಲು ಸಾಧ್ಯವೂ ಇಲ್ಲ. ಫೈರ್‌ಫಾಕ್ಸ್‌ನಲ್ಲಿ ಒಂದಿಷ್ಟು ಹಿಡಿತ ಸಿಗುತ್ತದೆ, ಆದರೆ ಅಲ್ಲಿಯೂ ಸಿಗುವುದು ನೀವು ಬಯಸಿದ್ದಕ್ಕೆ ಹೆಚ್ಚುಕಡಿಮೆ ವಿರುದ್ಧ ದಿಕ್ಕಿನ ಹಿಡಿತ. ಅದನ್ನು ಮುಂದೆ ವಿವರಿಸುತ್ತೇನೆ.

ಒಂದು ಲಿಂಕ್ ಎಲ್ಲಿ ತೆರೆಯಬೇಕೆಂಬುದರಲ್ಲಿ ಮೂವರ ಕೈ ಇದೆ: ಪುಟ ಬರೆದವರದು, ಬ್ರೌಸರಿನದು, ಮೌಸ್ ಹಿಡಿದಿರುವ ನಿಮ್ಮದು. ಪುಟ ಬರೆದವರು ಏನನ್ನೂ ಹೇಳದೆ ಬಿಟ್ಟರೆ ಲಿಂಕ್ ಅದೇ ಟ್ಯಾಬಿನಲ್ಲಿ ತೆರೆಯುತ್ತದೆ. ಲಿಂಕಿನ ಹಿಂದಿರುವ ಸಂಕೇತದಲ್ಲಿ ‘ಟಾರ್ಗೆಟ್’ ಎಂಬ ಕಡೆ ‘ಬ್ಲ್ಯಾಂಕ್’ ಎಂದು ಬರೆದಿದ್ದರೆ ಹೊಸದೊಂದು ತೆರೆಯುತ್ತದೆ. ಈ ‘ಟಾರ್ಗೆಟ್’ 1990ರ ದಶಕದ ನಡುವೆ ನೆಟ್‌ಸ್ಕೇಪ್ ಬ್ರೌಸರಿಗೆ ‘ಫ್ರೇಮ್’ಗಳು ಬಂದಾಗ ಹುಟ್ಟಿಕೊಂಡದ್ದು: ಒಂದೇ ಪುಟವನ್ನು ಹೋಳು ಮಾಡಿ, ಎಡಗಡೆಯ ಪಟ್ಟಿಯಲ್ಲಿ ಒತ್ತಿದ್ದು ಬಲಗಡೆಯ ಹೋಳಿನಲ್ಲಿ ತೆರೆಯಲಿ ಎಂದು ಸೂಚಿಸುವುದಕ್ಕೆ ಅದು ಬೇಕಾಗಿತ್ತು. ಆಗ ಜನ ಬಳಸುತ್ತಿದ್ದ ಬ್ರೌಸರುಗಳಲ್ಲಿ ಟ್ಯಾಬ್ ಎಂಬುದು ಇರಲಿಲ್ಲ, ‘ಬ್ಲ್ಯಾಂಕ್’ ಎಂದರೆ ಹೊಸ ವಿಂಡೋ ಎಂದೇ ಅರ್ಥ. ಫೈರ್‌ಫಾಕ್ಸ್‌ನ ಮೊದಲ ಆವೃತ್ತಿ ಟ್ಯಾಬುಗಳೊಂದಿಗೆ ಬಂದದ್ದು 2004ರ ನವೆಂಬರಿನಲ್ಲಿ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಏಳನೆಯ ಆವೃತ್ತಿಯಲ್ಲಿ, ಅಂದರೆ 2006ರ ಅಕ್ಟೋಬರಿನಲ್ಲಿ, ಅದೇ ದಾರಿಗೆ ಬಂತು. ಹಳೆಯ ಸೂಚನೆ ಹಾಗೆಯೇ ಉಳಿದು, ಅದರ ಅರ್ಥ ಮಾತ್ರ ‘ಹೊಸ ಟ್ಯಾಬ್’ ಎಂದು ಬದಲಾಯಿತು. ಇಂದಿಗೂ ಕೆಲವು ಸೆಟ್ಟಿಂಗುಗಳಲ್ಲಿ ‘ವಿಂಡೋ’ ಎಂದು ಬರೆದಿದ್ದು ತೆರೆಯುವುದು ಮಾತ್ರ ಟ್ಯಾಬ್ ಆಗಿರುವುದರ ಮೂಲ ಇದು.

ಇದರಿಂದ ನಿಮ್ಮ ಒಂದು ಗೊಂದಲ ತಿಳಿಯಾಗಬಹುದು. ಒಂದು ಸೈಟಿನಲ್ಲಿ ಎಲ್ಲವೂ ಹೊಸ ಟ್ಯಾಬಿಗೆ ಹೋಗುತ್ತವೆ, ಇನ್ನೊಂದರಲ್ಲಿ ಯಾವುದೂ ಹೋಗುವುದಿಲ್ಲ ಎಂದರೆ ಅದು ಆ ಸೈಟುಗಳನ್ನು ಕಟ್ಟಿದವರ ಆಯ್ಕೆಯೇ ಹೊರತು ನಿಮ್ಮ ಕಂಪ್ಯೂಟರಿನ ದೋಷವಲ್ಲ. ಹಿಂದಕ್ಕೆ ಹೋಗುವ ಬಾಣವೂ ಕೆಟ್ಟಿಲ್ಲ. ಪ್ರತಿ ಟ್ಯಾಬಿಗೂ ತನ್ನದೇ ಆದ ಚರಿತ್ರೆ ಇರುತ್ತದೆ. ಈಗಷ್ಟೇ ಹುಟ್ಟಿದ ಟ್ಯಾಬಿಗೆ ಹಿಂದೆ ಏನೂ ಇಲ್ಲದ್ದರಿಂದ ಬಾಣ ಮಂಕಾಗಿರುತ್ತದೆ. ಅಲ್ಲಿ ಹಿಂದಕ್ಕೆ ಹೋಗುವ ದಾರಿ ಎಂದರೆ ಕಂಟ್ರೋಲ್ ಹಿಡಿದು ಡಬ್ಲ್ಯೂ ಒತ್ತಿ ಆ ಟ್ಯಾಬನ್ನೇ ಮುಚ್ಚುವುದು. ಮೂಲ ಪುಟ ಪಕ್ಕದಲ್ಲಿ ಇದ್ದಂತೆಯೇ ಇರುತ್ತದೆ. ಹೇಳದೆ ಕೇಳದೆ ಹೊಸ ಟ್ಯಾಬ್ ತೆರೆಯುವ ಅಭ್ಯಾಸವನ್ನು ನಾನು ಸಮರ್ಥಿಸುತ್ತಿಲ್ಲ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಸುಗಮ್ಯತೆಯ ಸೂಚನೆಗಳಲ್ಲಿಯೂ ಲಿಂಕ್ ಹೊಸ ವಿಂಡೋದಲ್ಲಿ ತೆರೆಯುವುದಾದರೆ ಮುಂಚಿತವಾಗಿ ತಿಳಿಸಿ ಎಂದಿದೆ. ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವ ದೃಷ್ಟಿಹೀನರಿಗೆ ತಾವು ಬೇರೊಂದು ಟ್ಯಾಬಿಗೆ ಬಂದು ಬಿದ್ದಿದ್ದೇವೆಂಬುದೇ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಇನ್ನು ಅರ್ಜಿ ಅಳಿಸಿಹೋಗುವ ವಿಷಯ. ನಿಮ್ಮ ಕೆಲಸಕ್ಕೆ ನಿಜವಾದ ನಷ್ಟ ಆಗುತ್ತಿರುವುದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಇಂದಿನ ಬ್ರೌಸರುಗಳು ಹಳೆಯ ಪುಟವನ್ನು ತುಂಬಿದ ವಿವರಗಳ ಸಮೇತ ಸ್ವಲ್ಪ ಹೊತ್ತು ನೆನಪಿನಲ್ಲಿ ಎತ್ತಿಟ್ಟಿರುತ್ತವೆ. ಹಿಂದಕ್ಕೆ ಬಂದರೆ ಅದನ್ನೇ ಮತ್ತೆ ಎದುರಿಗೆ ಇಡುತ್ತವೆ. ಆದರೆ ಬ್ಯಾಂಕು ಮತ್ತು ಕಚೇರಿಗಳ ಸೈಟುಗಳು ‘ಈ ಪುಟವನ್ನು ಎಲ್ಲಿಯೂ ಉಳಿಸಿಕೊಳ್ಳಬೇಡ’ ಎಂಬ ಸೂಚನೆಯನ್ನು ಪುಟದ ಜೊತೆಯಲ್ಲೇ ಕಳುಹಿಸುವುದುಂಟು. ಒಬ್ಬರು ಲಾಗ್‌ಔಟ್ ಆಗಿ ಎದ್ದುಹೋದ ಮೇಲೆ ಅದೇ ಕಂಪ್ಯೂಟರಿಗೆ ಬಂದು ಕುಳಿತವರು ಹಿಂದಿನ ಬಾಣ ಒತ್ತಿ ಅವರ ವಿವರ ನೋಡದಿರಲಿ ಎಂಬುದು ಅದರ ಉದ್ದೇಶ, ಮತ್ತು ನಿಮ್ಮಂಥ ಕೇಂದ್ರಗಳಲ್ಲಿ ಆ ಎಚ್ಚರಿಕೆ ಬೇಕಾದದ್ದೇ. ಅಂಥ ಪುಟಗಳನ್ನು ಬ್ರೌಸರ್ ಸಾಮಾನ್ಯವಾಗಿ ಎತ್ತಿಡುವುದಿಲ್ಲ, ಹಿಂದಕ್ಕೆ ಬಂದಾಗ ಸರ್ವರಿನಿಂದ ಹೊಸದಾಗಿಯೇ ತರಿಸುತ್ತದೆ. ಇದರ ಮೇಲೆ ಇನ್ನೊಂದು ಕಾರಣವೂ ಸೇರುತ್ತದೆ. ನಮ್ಮ ಅರ್ಜಿಗಳಲ್ಲಿ ಜಿಲ್ಲೆ ಆರಿಸಿದ ಮೇಲೆ ತಾಲ್ಲೂಕು, ತಾಲ್ಲೂಕು ಆರಿಸಿದ ಮೇಲೆ ಹೋಬಳಿ, ಅದಾದ ಮೇಲೆ ಗ್ರಾಮ ಎಂದು ಒಂದರ ಬಾಲ ಹಿಡಿದು ಇನ್ನೊಂದು ಪಟ್ಟಿ ತುಂಬಿಕೊಳ್ಳುತ್ತದೆ. ಹೆಸರು, ವಿಳಾಸದಂಥ ಬರಹವನ್ನು ಬ್ರೌಸರ್ ಹೇಗೋ ಮರಳಿ ಕೂರಿಸಿದರೂ, ಪುಟ ತೆರೆದ ಮೇಲೆ ಸರ್ವರಿನಿಂದ ಬರಬೇಕಾದ ಇಂಥ ಪಟ್ಟಿಗಳು ಮೊದಲಿನಿಂದ ಶುರುವಾಗುತ್ತವೆ. ತುಂಬಿದ ಅರ್ಜಿಯನ್ನು ಬಿಟ್ಟುಹೋಗಿ ಮತ್ತೆ ಹಾಗೇ ಸಿಗುವಂತೆ ಮಾಡುವ ಯಾವ ಸೆಟ್ಟಿಂಗೂ ಬ್ರೌಸರಿನಲ್ಲಿ ಇಲ್ಲ; ಅರ್ಜಿಯ ಟ್ಯಾಬನ್ನು ಬಿಟ್ಟು ಹೋಗದಿರುವುದೊಂದೇ ಉಪಾಯ.

ಇಲ್ಲಿ ಮೂರನೆಯ ಕೈ, ಅಂದರೆ ನಿಮ್ಮದು, ಕೆಲಸಕ್ಕೆ ಬರುತ್ತದೆ. ಕಂಟ್ರೋಲ್ ಕೀಲಿಯನ್ನು ಹಿಡಿದು ಲಿಂಕ್ ಒತ್ತಿದರೆ, ಪುಟ ಬರೆದವರು ಏನೇ ಹೇಳಿರಲಿ, ಅದು ಹೊಸ ಟ್ಯಾಬಿನಲ್ಲಿ ಹಿನ್ನೆಲೆಯಲ್ಲಿ ತೆರೆಯುತ್ತದೆ. ನೀವು ಅರ್ಜಿಯ ಮುಂದೆಯೇ ಉಳಿಯುತ್ತೀರಿ. ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಹಿಡಿದರೆ ಹೊಸ ಟ್ಯಾಬ್ ತೆರೆದು ಪರದೆಯೂ ಅದಕ್ಕೆ ಹೊರಳುತ್ತದೆ. ಬರೀ ಶಿಫ್ಟ್ ಹಿಡಿದರೆ ಬೇರೆ ವಿಂಡೋ. ಮೌಸಿನ ನಡುವಿನ ಚಕ್ರವನ್ನು ಉರುಳಿಸದೆ ಲಿಂಕಿನ ಮೇಲಿಟ್ಟು ಒತ್ತಿದರೂ ಕಂಟ್ರೋಲ್ ಹಿಡಿದು ಒತ್ತಿದಂತೆಯೇ. ಇದು ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಒಂದೇ ರೀತಿ. ಮ್ಯಾಕ್ ಕಂಪ್ಯೂಟರಿನಲ್ಲಾದರೆ ಕಂಟ್ರೋಲ್ ಬದಲು ಕಮಾಂಡ್. ಬ್ರೌಸರಿನ ಮೇಲ್ಗಡೆಯ ವಿಳಾಸಪಟ್ಟಿಯಲ್ಲಿ ಹೊಸ ವಿಳಾಸ ಬರೆದು ಬರೀ ಎಂಟರ್ ಒತ್ತಿದರೆ ಎದುರಿಗಿರುವ ಪುಟ ಹೋಗುತ್ತದೆ. ಆಲ್ಟ್ ಹಿಡಿದು ಎಂಟರ್ ಒತ್ತಿದರೆ ಅದು ಪ್ರತ್ಯೇಕ ಟ್ಯಾಬಿನಲ್ಲಿ ತೆರೆಯುತ್ತದೆ. ಅರ್ಜಿ ತುಂಬುವ ನಡುವೆ ಪಿನ್‌ಕೋಡ್ ಹುಡುಕಲು ಹೋಗಿ ಅರ್ಜಿಯನ್ನೇ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ, ಅವರಿಗೆ ಈ ಒಂದು ಕೀಲಿ ಸಾಕಾಗುತ್ತಿತ್ತು. ಅಕಸ್ಮಾತ್ ಬೇಕಾದ ಟ್ಯಾಬ್ ಮುಚ್ಚಿಹೋದರೆ ಕಂಟ್ರೋಲ್, ಶಿಫ್ಟ್ ಹಿಡಿದು ಟಿ ಒತ್ತಿದಾಗ ಅದು ಮರಳುತ್ತದೆ. ಪುಟ ಮರಳುತ್ತದೆ ಎಂದಷ್ಟೇ ಹೇಳಬಲ್ಲೆ, ತುಂಬಿದ ವಿವರಗಳೂ ಮರಳುವುದಕ್ಕೆ ಖಾತ್ರಿಯಿಲ್ಲ.

ಈ ಉಪಾಯ ಸೋಲುವ ಕಡೆಯೂ ಒಂದಿದೆ. ಕಂಟ್ರೋಲ್ ಹಿಡಿದು ಒತ್ತಿದರೆ ಖಾಲಿ ಟ್ಯಾಬ್ ತೆರೆದುಕೊಂಡು ಸುಮ್ಮನಾಗುವುದನ್ನು ನೀವು ಕಂಡಿರಬಹುದು. ನೋಡಲು ಲಿಂಕಿನಂತಿದ್ದರೂ ಅದು ಲಿಂಕ್ ಆಗಿರುವುದಿಲ್ಲ. ಅದರ ಹಿಂದೆ ಹೋಗಬೇಕಾದ ವಿಳಾಸವಿಲ್ಲ; ‘ಒತ್ತಿದಾಗ ಈ ಕೆಲಸ ಮಾಡು’ ಎಂಬ ಜಾವಾಸ್ಕ್ರಿಪ್ಟ್ ತುಣುಕು ಇರುತ್ತದೆ, ಮತ್ತು ಆ ತುಣುಕು ಕೆಲಸ ಮಾಡುವುದು ಅದೇ ಪುಟದೊಳಗೆ ಮಾತ್ರ. ಹಳೆಯ ಪದ್ಧತಿಯಲ್ಲಿ ಕಟ್ಟಿದ ಕಚೇರಿ ಸೈಟುಗಳಲ್ಲಿ ಇಂಥವು ಬೇಕಾದಷ್ಟಿವೆ. ಮೊದಲೇ ಗುರುತಿಸುವ ಬಗೆ ಸುಲಭ: ಮೌಸಿನ ಬಾಣವನ್ನು ಲಿಂಕಿನ ಮೇಲೆ ಒತ್ತದೆ ಇಟ್ಟುಕೊಳ್ಳಿ, ಪರದೆಯ ಕೆಳಗಿನ ಎಡಮೂಲೆಯಲ್ಲಿ ಅದು ಹೋಗುವ ವಿಳಾಸ ಕಾಣಿಸುತ್ತದೆ. ವಿಳಾಸದ ಬದಲು ‘ಜಾವಾಸ್ಕ್ರಿಪ್ಟ್’ ಎಂದು ಶುರುವಾಗುವ ಸಾಲು ಬಂದರೆ, ಅಥವಾ ಏನೂ ಬಾರದಿದ್ದರೆ, ಅದನ್ನು ಹೊಸ ಟ್ಯಾಬಿಗೆ ಒಯ್ಯುವ ಶಕ್ತಿ ನಿಮಗೂ ಇಲ್ಲ, ಬ್ರೌಸರಿಗೂ ಇಲ್ಲ, ರಿಪೇರಿಯವರು ಹಾಕಿದ ಎಕ್ಸ್‌ಟೆನ್ಷನ್‌ಗೂ ಇಲ್ಲ. ಅಂಥ ಕಡೆ ನಿಯಮಗಳನ್ನು ಅರ್ಜಿ ಶುರು ಮಾಡುವ ಮೊದಲೇ ಓದಿಕೊಳ್ಳುವುದು, ಸೈಟಿನಲ್ಲಿ ‘ಕರಡು ಉಳಿಸು’ ಎಂಬ ಗುಂಡಿ ಇದ್ದರೆ ಪ್ರತಿ ಹಂತದಲ್ಲೂ ಅದನ್ನು ಒತ್ತುವುದು ಬಿಟ್ಟರೆ ಬೇರೆ ದಾರಿ ಕಾಣೆ. ‘ಸಲ್ಲಿಸು’, ‘ಹಣ ಪಾವತಿಸು’ ಎಂಬ ಗುಂಡಿಗಳಿಗೆ ಮಾತ್ರ ಎಂದೂ ಕಂಟ್ರೋಲ್ ಸೇರಿಸಬೇಡಿ. ಉತ್ತರ ಇನ್ನೊಂದು ಟ್ಯಾಬಿಗೆ ಹೋಗಿ, ಮೊದಲಿನ ಟ್ಯಾಬಿನಲ್ಲಿ ಏನೂ ಆಗಲಿಲ್ಲವೆಂದು ನೀವು ಮತ್ತೊಮ್ಮೆ ಒತ್ತಿ, ಒಂದೇ ಅರ್ಜಿ ಎರಡು ಸಲ ಹೋಗುವ ಸಂಭವವಿದೆ.

ಆ ಮಧ್ಯಾಹ್ನದ ಕಥೆಗೆ ಬರೋಣ. ಪ್ರತಿ ಲಿಂಕೂ ಬೇರೆ ವಿಂಡೋದಲ್ಲಿ ತೆರೆಯುವುದೆಂದರೆ ಶಿಫ್ಟ್ ಕೀಲಿ ಒತ್ತಿಯೇ ಇದೆ ಎಂದು ಕಂಪ್ಯೂಟರ್ ತಿಳಿದುಕೊಂಡಿರುವ ಲಕ್ಷಣ. ಇದಕ್ಕೆ ನಾನು ಕಂಡ ಕಾರಣಗಳು ಎರಡು. ಒಂದು, ಕೀಲಿಯ ಕೆಳಗೆ ಧೂಳು, ಅವಲಕ್ಕಿ ಚೂರು ಸೇರಿ ಅದು ಮೇಲೇಳದಿರುವುದು. ಇನ್ನೊಂದು, ವಿಂಡೋಸಿನ ‘ಸ್ಟಿಕಿ ಕೀಸ್’. ಎರಡು ಕೀಲಿಗಳನ್ನು ಒಟ್ಟಿಗೆ ಹಿಡಿಯಲಾಗದವರಿಗಾಗಿ ಮಾಡಿದ ಈ ಅನುಕೂಲ, ಶಿಫ್ಟ್ ಕೀಲಿಯನ್ನು ಸತತವಾಗಿ ಐದು ಸಲ ಒತ್ತಿದಾಗ ‘ಶುರು ಮಾಡಲೇ’ ಎಂದು ಕೇಳುತ್ತದೆ. ಓದದೆ ಎಂಟರ್ ಒತ್ತಿದರೆ ಶುರುವಾಗಿಬಿಡುತ್ತದೆ. ಆಮೇಲೆ ಶಿಫ್ಟನ್ನು ಎರಡು ಸಲ ಒತ್ತಿದರೆ ಅದು ಬೀಗ ಹಾಕಿದಂತೆ ಕೂರುತ್ತದೆ. ‘ನುಡಿ’ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಬೆರಳಚ್ಚು ಮಾಡುವವರಿಗೆ ದೀರ್ಘಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಬೇಕು, ಹಾಗಾಗಿ ಮುಂದಿನ ಅಕ್ಷರ ಯೋಚಿಸುತ್ತ ಶಿಫ್ಟನ್ನು ತಟ್ಟುತ್ತ ಕೂರುವ ಅಭ್ಯಾಸ ಎಷ್ಟೋ ಜನರಿಗೆ ಅಂಟಿಕೊಂಡಿರುತ್ತದೆ. ನನ್ನದೇ ತರಬೇತಿ ಕೊಠಡಿಯಲ್ಲಿ ಇದನ್ನು ವೈರಸ್ ಎಂದು ತಿಳಿದು ಒಂದು ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಹೊಂದಿಸಿದ ಪ್ರಸಂಗ ನಡೆದಿದೆ. ಅಳಿಸಲು ಹೇಳಿದವನು ನಾನೇ. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಸೆಸಿಬಿಲಿಟಿ’, ಅದರಲ್ಲಿ ‘ಕೀಬೋರ್ಡ್’ ಎಂಬಲ್ಲಿಗೆ ಹೋಗಿ ಸ್ಟಿಕಿ ಕೀಸ್ ನಿಲ್ಲಿಸಿ, ಐದು ಸಲ ಒತ್ತಿದಾಗ ಶುರುವಾಗುವ ಏರ್ಪಾಟನ್ನೂ ತೆಗೆದುಬಿಡಿ.

ಈಗ ಭಯದ ಮಾತು. ಹೊಸ ಟ್ಯಾಬಿನಲ್ಲಿ ತೆರೆದರೆ ಪಾಸ್‌ವರ್ಡ್ ಕದಿಯುತ್ತಾರೆ ಎಂಬುದು ಪೂರ್ತಿ ಸುಳ್ಳಲ್ಲ, ಹಳೆಯ ಸತ್ಯವೊಂದರ ಉಳಿಕೆ. ಗಮನಿಸದೆ ಬಿಟ್ಟ ಟ್ಯಾಬೊಂದು ತನ್ನ ಮುಖ ಬದಲಿಸಿ, ಪರಿಚಿತ ಸೈಟಿನ ಲಾಗಿನ್ ಪುಟದಂತೆ ವೇಷ ಹಾಕಿ ಕಾಯಬಹುದು ಎಂಬುದನ್ನು ಬ್ರೌಸರ್ ವಿನ್ಯಾಸಕ ಅಜಾ ರಸ್ಕಿನ್ 2010ರಲ್ಲಿ ತೋರಿಸಿ ಅದಕ್ಕೆ ‘ಟ್ಯಾಬ್‌ನ್ಯಾಬಿಂಗ್’ ಎಂದು ಹೆಸರಿಟ್ಟರು. ಇದರ ಇನ್ನೊಂದು ರೂಪದಲ್ಲಿ, ಹೊಸದಾಗಿ ತೆರೆದ ಪುಟಕ್ಕೆ ತನ್ನನ್ನು ತೆರೆದ ಮೂಲ ಪುಟದ ಮೇಲೆಯೇ ಒಂದು ಹಿಡಿತ ಸಿಗುತ್ತಿತ್ತು. ಅದನ್ನು ಬಳಸಿ ನಿಮ್ಮ ಬೆನ್ನ ಹಿಂದೆ ಮೂಲ ಟ್ಯಾಬನ್ನು ನಕಲಿ ಪುಟಕ್ಕೆ ಕಳುಹಿಸಲು ಬರುತ್ತಿತ್ತು. ಆ್ಯಪಲ್‌ನ ಬ್ರೌಸರ್ ಸಫಾರಿ 2019ರಲ್ಲಿ, ಫೈರ್‌ಫಾಕ್ಸ್ 2020ರ 79ನೆಯ ಆವೃತ್ತಿಯಲ್ಲಿ, ಕ್ರೋಮ್ 2021ರ ಜನವರಿಯ 88ನೆಯ ಆವೃತ್ತಿಯಲ್ಲಿ ‘ಬ್ಲ್ಯಾಂಕ್’ ಲಿಂಕುಗಳಿಗೆ ಈ ಹಿಡಿತ ತಾನಾಗಿ ಸಿಗದಂತೆ ಮಾಡಿವೆ. ಬ್ರೌಸರನ್ನು ಕಾಲಕಾಲಕ್ಕೆ ನವೀಕರಿಸುತ್ತಿದ್ದರೆ ಈ ಎರಡನೆಯ ರೂಪದ ಅಂಜಿಕೆ ಬೇಡ. ಮೊದಲ ರೂಪಕ್ಕೆ ಮಾತ್ರ ತಂತ್ರಜ್ಞಾನದ ಪರಿಹಾರವಿಲ್ಲ. ನಲವತ್ತು ಟ್ಯಾಬುಗಳಲ್ಲಿ ಯಾವುದನ್ನು ತಾನು ತೆರೆದೆ ಎಂಬುದು ಯಾರಿಗೂ ನೆನಪಿರುವುದಿಲ್ಲ, ಮೋಸದ ಪುಟಕ್ಕೆ ಬೇಕಾದದ್ದೂ ಅದೇ ಮರೆವು. ಬಹಳ ಹೊತ್ತು ಬಿಟ್ಟಿದ್ದ ಟ್ಯಾಬೊಂದು ‘ಮತ್ತೆ ಲಾಗಿನ್ ಆಗಿ’ ಎಂದರೆ ಅದರಲ್ಲಿ ಆಗಬೇಡಿ, ಮುಚ್ಚಿ ವಿಳಾಸವನ್ನು ಹೊಸದಾಗಿ ಬರೆದು ಹೋಗಿ.

ನಿಮಗೆ ಧೈರ್ಯ ಹೇಳಿದ ಎರಡನೆಯವರ ಮಾತೇ ನನಗೆ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ. ಒಬ್ಬೊಬ್ಬರ ಅರ್ಜಿ ಒಂದೊಂದು ಟ್ಯಾಬಿನಲ್ಲಿದ್ದರೆ ಅವು ಬೇರೆ ಬೇರೆ ಪೆಟ್ಟಿಗೆಯಲ್ಲಿದ್ದಂತೆ ಎಂದು ಅವರು ತಿಳಿದಿದ್ದಾರೆ. ಹಾಗಲ್ಲ. ನೀವು ಲಾಗಿನ್ ಆಗಿದ್ದೀರೆಂದು ಸೈಟು ಗುರುತಿಸುವುದು ಕುಕಿ ಎಂಬ ಚೀಟಿಯಿಂದ. ಒಂದು ಬ್ರೌಸರಿನ ಎಲ್ಲ ಟ್ಯಾಬುಗಳೂ ಅದೇ ಒಂದು ಚೀಟಿಯನ್ನು ತೋರಿಸುತ್ತವೆ. ಎಷ್ಟೋ ಸೈಟುಗಳು ‘ಈ ಲಾಗಿನ್‌ನವರು ಈಗ ತುಂಬುತ್ತಿರುವ ಅರ್ಜಿ ಯಾವುದು’ ಎಂಬುದನ್ನು ಸರ್ವರಿನಲ್ಲಿ ಆ ಚೀಟಿಯ ಹೆಸರಿಗೆ ಬರೆದುಕೊಂಡಿರುತ್ತವೆ. ನೀವು ಮೊದಲ ಟ್ಯಾಬಿನಲ್ಲಿ ಒಬ್ಬರ ಅರ್ಜಿಯನ್ನು ಅರ್ಧಕ್ಕೆ ಬಿಟ್ಟು ಎರಡನೆಯ ಟ್ಯಾಬಿನಲ್ಲಿ ಇನ್ನೊಬ್ಬರದನ್ನು ಶುರು ಮಾಡಿದರೆ, ಸರ್ವರಿನ ಲೆಕ್ಕದಲ್ಲಿ ಈಗ ನಡೆಯುತ್ತಿರುವುದು ಎರಡನೆಯದು. ಮೊದಲ ಟ್ಯಾಬಿಗೆ ಮರಳಿ ದಾಖಲೆ ಏರಿಸಿದರೆ ಒಬ್ಬರ ಆದಾಯ ಪ್ರಮಾಣಪತ್ರ ಇನ್ನೊಬ್ಬರ ಅರ್ಜಿಗೆ ಅಂಟಿಕೊಳ್ಳಬಹುದು. ಇದು ಅಂದೇ ಗೊತ್ತಾಗುವುದಿಲ್ಲ, ಅರ್ಜಿ ತಿರಸ್ಕೃತವಾಗಿ ಬಂದಾಗ ಗೊತ್ತಾಗುತ್ತದೆ. ಚೆನ್ನಾಗಿ ಕಟ್ಟಿದ ಸೈಟುಗಳು ಇದನ್ನು ತಡೆಯುತ್ತವೆ, ಇಲ್ಲವೇ ‘ಸೆಷನ್ ಮುಗಿದಿದೆ’ ಎಂದು ಎರಡೂ ಟ್ಯಾಬುಗಳನ್ನು ಹೊರಗೆ ಹಾಕುತ್ತವೆ. ಯಾವ ಸೈಟು ಯಾವ ಬಗೆಯದೆಂದು ಹೊರಗಿನಿಂದ ಹೇಳುವುದು ಕಷ್ಟ.

ಆದ್ದರಿಂದ ಒಂದು ಲಾಗಿನ್, ಒಂದು ಸಮಯಕ್ಕೆ ಒಂದು ಅರ್ಜಿ ಎಂಬುದು ನನ್ನ ಸಲಹೆ. ಇಬ್ಬರು ಗ್ರಾಹಕರು ತಮ್ಮ ತಮ್ಮ ಸ್ವಂತ ಖಾತೆಯಿಂದ ಲಾಗಿನ್ ಆಗಬೇಕಾದ ಸಂದರ್ಭವಿದ್ದರೆ ಕ್ರೋಮಿನಲ್ಲಿ ಬೇರೆ ಬೇರೆ ‘ಪ್ರೊಫೈಲ್’ ಮಾಡಿಕೊಳ್ಳಬಹುದು. ಪ್ರತಿ ಪ್ರೊಫೈಲಿನ ಕುಕಿಗಳು ಬೇರೆ. ಒಬ್ಬರಿಗೆ ಮಾಮೂಲು ವಿಂಡೋ, ಇನ್ನೊಬ್ಬರಿಗೆ ಚರಿತ್ರೆ ಉಳಿಸದ ಇನ್‌ಕಾಗ್ನಿಟೊ ವಿಂಡೋ ಎಂದು ಮಾಡಿದರೂ ನಡೆಯುತ್ತದೆ, ಆದರೆ ಎರಡು ಇನ್‌ಕಾಗ್ನಿಟೊ ವಿಂಡೋಗಳು ಪರಸ್ಪರ ಬೇರೆಯಲ್ಲ, ಅವೆರಡರ ಚೀಟಿ ಒಂದೇ. ಫೈರ್‌ಫಾಕ್ಸ್‌ನಲ್ಲಿ ಮೊಜಿಲ್ಲಾದವರೇ ಕೊಡುವ ‘ಮಲ್ಟಿ ಅಕೌಂಟ್ ಕಂಟೇನರ್ಸ್’ ಎಂಬ ಸೇರ್ಪಡೆಯಿಂದ ಒಂದೇ ವಿಂಡೋದ ಟ್ಯಾಬುಗಳನ್ನೇ ಬಣ್ಣ ಕಟ್ಟಿ ಬೇರೆ ಮಾಡಬಹುದು. ನಿಮ್ಮಂಥ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿದೆ.

ಫೈರ್‌ಫಾಕ್ಸ್‌ನ ಮಾತು ಬಂದದ್ದರಿಂದ ಅಲ್ಲಿಯ ಸೆಟ್ಟಿಂಗುಗಳನ್ನು ಹೇಳಿಬಿಡುತ್ತೇನೆ. ಸೆಟ್ಟಿಂಗ್ಸ್ ತೆರೆದು ‘ಜನರಲ್’ ವಿಭಾಗದಲ್ಲಿ ‘ಟ್ಯಾಬ್ಸ್’ ಎಂಬಲ್ಲಿ ನೋಡಿ. ಹೊಸ ವಿಂಡೋ ಬದಲು ಟ್ಯಾಬಿನಲ್ಲೇ ಲಿಂಕ್ ತೆರೆಯಲಿ ಎಂಬುದಕ್ಕೆ ಒಂದು ಗುರುತು ಇರುತ್ತದೆ, ಅದನ್ನು ಹಾಗೆಯೇ ಬಿಡಿ. ಹೊಸ ಟ್ಯಾಬ್ ತೆರೆದ ಕೂಡಲೇ ಪರದೆ ಅದಕ್ಕೆ ಹೊರಳಲಿ ಎಂಬುದು ಇನ್ನೊಂದು. ಕಂಟ್ರೋಲ್ ಹಿಡಿದು ಒತ್ತಿದಾಗಲೂ ನೇರ ಆ ಪುಟವನ್ನೇ ನೋಡಬೇಕೆನ್ನುವವರು ಅದಕ್ಕೆ ಗುರುತು ಹಾಕಿಕೊಳ್ಳಬಹುದು. ಕ್ರೋಮಿನಲ್ಲಿ ಇದೂ ಇಲ್ಲ.

ಇನ್ನೂ ಆಳಕ್ಕೆ ಇಳಿಯುವವರಿಗೆ ಫೈರ್‌ಫಾಕ್ಸ್‌ನ ವಿಳಾಸಪಟ್ಟಿಯಲ್ಲಿ ‘ಅಬೌಟ್’, ಒಂದರ ಮೇಲೊಂದು ಎರಡು ಚುಕ್ಕಿ (ಕೋಲನ್), ‘ಕಾನ್ಫಿಗ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ತೆರೆಯುವ ಒಳಕೋಣೆಯೊಂದಿದೆ. ಅಲ್ಲಿ ‘ಬ್ರೌಸರ್ ಡಾಟ್ ಲಿಂಕ್ ಡಾಟ್ ಓಪನ್ ಅಂಡರ್‌ಸ್ಕೋರ್ ನ್ಯೂವಿಂಡೋ’ ಎಂಬ ಸಾಲಿನ ಬೆಲೆ ಸಹಜವಾಗಿ 3 ಇರುತ್ತದೆ. 3 ಎಂದರೆ ಹೊಸ ಟ್ಯಾಬ್, 2 ಎಂದರೆ ಹೊಸ ವಿಂಡೋ, 1 ಎಂದರೆ ಅದೇ ಟ್ಯಾಬ್. ನಾನು ಮೇಲೆ ವಿರುದ್ಧ ದಿಕ್ಕು ಎಂದದ್ದು ಇದನ್ನೇ: ಪುಟ ಬರೆದವರು ಹೊಸ ಟ್ಯಾಬ್ ಬೇಕೆಂದರೂ ನಾನು ಕೊಡುವುದಿಲ್ಲ ಎಂದು ಇಲ್ಲಿ ಹಠ ಹಿಡಿಯಬಹುದೇ ಹೊರತು, ಪುಟ ಬರೆದವರು ಕೇಳದ ಕಡೆಯಲ್ಲಿ ಹೊಸ ಟ್ಯಾಬ್ ತೆರೆಸಲು ಇದರಿಂದ ಬರುವುದಿಲ್ಲ. ಟ್ಯಾಬುಗಳ ಗುಡ್ಡೆ ನೋಡಿ ಬೇಸತ್ತ ಮನೆ ಬಳಕೆದಾರರಿಗೆ 1 ಎಂಬ ಬೆಲೆ ಹಿಡಿಸಬಹುದು. ನಿಮಗೆ ನಾನು ಅದನ್ನು ಹೇಳುವುದಿಲ್ಲ, ಏಕೆಂದರೆ ಹೊಸ ಟ್ಯಾಬಿಗೆ ಹೋಗಬೇಕಿದ್ದ ರಸೀದಿ, ನಿಯಮ, ಪಾವತಿ ಪುಟಗಳೆಲ್ಲ ಅರ್ಜಿಯ ಮೇಲೆಯೇ ಬಂದು ಕುಳಿತರೆ ಇರುವ ತೊಂದರೆ ಎರಡರಷ್ಟಾಗುತ್ತದೆ.

ಟ್ಯಾಬುಗಳು ಹೆಚ್ಚಾದರೆ ಇಂಟರ್‌ನೆಟ್ ನಿಧಾನವಾಗುತ್ತದೆ ಎಂಬ ಮಾತನ್ನು ನೀವು ಬರೆದಿಲ್ಲ, ಆದರೆ ನಲವತ್ತು ಟ್ಯಾಬ್ ಎಂದ ಕೂಡಲೇ ಮುಂದಿನ ಪತ್ರ ಅದೇ ಆಗಿರುತ್ತದೆ. ಸಾಮಾನ್ಯವಾಗಿ ನಿಧಾನವಾಗುವುದು ಕಂಪ್ಯೂಟರ್, ಸಂಪರ್ಕವಲ್ಲ; ತೆರೆದ ಪ್ರತಿ ಪುಟಕ್ಕೂ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್ ಬೇಕು. ಕ್ರೋಮ್ ಸೆಟ್ಟಿಂಗ್ಸ್‌ನ ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ‘ಮೆಮೊರಿ ಸೇವರ್’ ಎಂಬುದಿದೆ, ಬಹಳ ಹೊತ್ತು ಮುಟ್ಟದ ಟ್ಯಾಬುಗಳನ್ನು ಅದು ಮಲಗಿಸುತ್ತದೆ. ಮತ್ತೆ ಮುಟ್ಟಿದಾಗ ಆ ಪುಟ ಹೊಸದಾಗಿ ಬರುತ್ತದೆ. ಅರ್ಧ ತುಂಬಿದ ಅರ್ಜಿಯಿರುವ ಟ್ಯಾಬನ್ನು ಮಲಗಿಸದಿರಲು ಕ್ರೋಮ್ ಪ್ರಯತ್ನಿಸುತ್ತದೆ, ಆದರೂ ನೀವು ದಿನಾ ಬಳಸುವ ಅರ್ಜಿ ಸೈಟುಗಳನ್ನು ‘ಯಾವಾಗಲೂ ಎಚ್ಚರವಿರಲಿ’ ಎಂಬ ಅರ್ಥದ ಪಟ್ಟಿಗೆ ಅಲ್ಲಿಯೇ ಸೇರಿಸಿಡಿ.

ಸಣ್ಣಪುಟ್ಟವು ಇನ್ನೆರಡಿವೆ. ಗೂಗಲ್ ಹುಡುಕಾಟದ ಫಲಿತಾಂಶಗಳು ಹೊಸ ಟ್ಯಾಬಿನಲ್ಲಿ ತೆರೆಯಬೇಕೆಂದರೆ ಅದಕ್ಕೆ ಪ್ರತ್ಯೇಕ ಆಯ್ಕೆ ಇದೆ, ಆದರೆ ಅದು ಇರುವುದು ಕ್ರೋಮಿನೊಳಗಲ್ಲ, ಗೂಗಲ್ ಹುಡುಕಾಟ ಪುಟದ ಸೆಟ್ಟಿಂಗ್ಸ್‌ನಲ್ಲಿ. ಅಲ್ಲಿ ಅದಕ್ಕೆ ‘ವಿಂಡೋ’ ಎಂಬ ಹಳೆಯ ಹೆಸರೇ ಇದೆ. ಗೂಗಲ್ ಖಾತೆಗೆ ಲಾಗಿನ್ ಆಗದೆ ಅದನ್ನು ಹೊಂದಿಸಿದರೆ ಕುಕಿ ಅಳಿಸಿದ ದಿನ ಅದೂ ಹೋಗುತ್ತದೆ. ಎರಡನೆಯದು, ಸ್ವೀಕೃತಿ ಪತ್ರದ ಪಿಡಿಎಫ್ ಅರ್ಜಿಯ ಜಾಗದಲ್ಲೇ ತೆರೆದುಕೊಳ್ಳುವುದು ನಿಮ್ಮಲ್ಲಿಯೂ ಇರಬೇಕು. ಕ್ರೋಮಿನ ‘ಸೈಟ್ ಸೆಟ್ಟಿಂಗ್ಸ್’ನ ಕೊನೆಯಲ್ಲಿ ಪಿಡಿಎಫ್ ಕುರಿತ ಆಯ್ಕೆಯನ್ನು ‘ಡೌನ್‌ಲೋಡ್’ ಎಂದು ಬದಲಿಸಿದರೆ ಅದು ನೇರ ಕಂಪ್ಯೂಟರಿಗೆ ಇಳಿಯುತ್ತದೆ. ದಿನದ ಕೊನೆಗೆ ಡೌನ್‌ಲೋಡ್ಸ್ ಫೋಲ್ಡರನ್ನು ಬರಿದು ಮಾಡುವ ಜವಾಬ್ದಾರಿ ಮಾತ್ರ ನಿಮ್ಮದು, ಅವು ಬೇರೆಯವರ ದಾಖಲೆಗಳು. ರಸೀದಿಯೋ ಪಾವತಿ ಪುಟವೋ ತೆರೆಯಲೇ ಇಲ್ಲವೆಂದರೆ ಪಾಪ್‌ಅಪ್ ತಡೆ ಅದನ್ನು ಹಿಡಿದಿರುತ್ತದೆ, ವಿಳಾಸಪಟ್ಟಿಯ ಬಲತುದಿಯಲ್ಲಿ ಸಣ್ಣ ಚಿಹ್ನೆ ಕಾಣುತ್ತದೆ. ಆ ಒಂದು ಸೈಟಿಗೆ ಮಾತ್ರ ಅನುಮತಿ ಕೊಡಿ, ಎಲ್ಲಕ್ಕೂ ಬೇಡ.

ಕೊನೆಗೆ ರಿಪೇರಿಯವರು ಹಾಕಿದ ಎಕ್ಸ್‌ಟೆನ್ಷನ್. ಎಲ್ಲ ಲಿಂಕುಗಳನ್ನೂ ಹೊಸ ಟ್ಯಾಬಿಗೆ ತಿರುಗಿಸುವ ಎಕ್ಸ್‌ಟೆನ್ಷನ್‌ಗಳು ಇರುವುದು ನಿಜ, ಮತ್ತು ಕೆಲಸವನ್ನೂ ಮಾಡುತ್ತವೆ. ಆದರೆ ಲಿಂಕನ್ನು ತಿರುಗಿಸಬೇಕಾದರೆ ಅವು ಪ್ರತಿ ಪುಟದ ಒಳಗೂ ಇಣುಕಲೇಬೇಕು, ಅದಕ್ಕಾಗಿ ‘ಎಲ್ಲ ಜಾಲತಾಣಗಳ ಎಲ್ಲ ಮಾಹಿತಿಯನ್ನು ಓದುವ ಮತ್ತು ಬದಲಿಸುವ’ ಅನುಮತಿ ಕೇಳುತ್ತವೆ. ಅದರರ್ಥ ನೀವು ತುಂಬುವ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲಿಗೆ ಬಂದ ಒಟಿಪಿ ಎಲ್ಲವೂ ಅವುಗಳ ಕಣ್ಣೆದುರಿಗೇ ನಡೆಯುತ್ತದೆ. ಇಂದು ಒಳ್ಳೆಯದಾಗಿದ್ದದ್ದು ನಾಳೆಯೂ ಹಾಗೇ ಇರುತ್ತದೆಂಬ ಭರವಸೆಯೂ ಇಲ್ಲ. ಬಳಸದ ಟ್ಯಾಬುಗಳನ್ನು ಮಲಗಿಸಲು ಲಕ್ಷಾಂತರ ಜನ ನೆಚ್ಚಿಕೊಂಡಿದ್ದ ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಷನ್ 2020ರಲ್ಲಿ ಬೇರೆಯವರ ಕೈಗೆ ಹೋಯಿತು. 2021ರ ಫೆಬ್ರುವರಿಯಲ್ಲಿ ಅದರಲ್ಲಿ ಕೇಡಿನ ತಂತ್ರಾಂಶವಿದೆಯೆಂದು ಗೂಗಲ್ ಅದನ್ನು ತನ್ನ ಎಕ್ಸ್‌ಟೆನ್ಷನ್ ಅಂಗಡಿಯಿಂದ ಕಿತ್ತು, ಬಳಕೆದಾರರ ಕಂಪ್ಯೂಟರುಗಳಲ್ಲಿಯೂ ನಿಲ್ಲಿಸಿತು. ಮಗನ ಆಟದ ಕಂಪ್ಯೂಟರಿನಲ್ಲಿ ಅಂಥದ್ದೊಂದು ಇದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ದಿನಕ್ಕೆ ಹತ್ತಾರು ಜನರ ದಾಖಲೆ ಹಾದುಹೋಗುವ ಕಂಪ್ಯೂಟರಿನಲ್ಲಿ ಅದು ಇರಕೂಡದು. ಕಂಟ್ರೋಲ್ ಕೀಲಿ ಮಾಡುವ ಕೆಲಸಕ್ಕಾಗಿ ಇಷ್ಟು ಬೆಲೆ ತೆರುವುದು ನನಗೆ ಸರಿ ಕಾಣುವುದಿಲ್ಲ.

ಕ್ರೋಮಿನ ಮೂರು ಚುಕ್ಕಿ ಒತ್ತಿ ಎಕ್ಸ್‌ಟೆನ್ಷನ್ಸ್ ಪಟ್ಟಿಗೆ ಹೋಗಿ ಅದನ್ನು ತೆಗೆದುಹಾಕಿ, ಪಟ್ಟಿಯಲ್ಲಿ ನೀವು ಹಾಕದೆ ಇರುವುದು ಬೇರೆ ಏನಾದರೂ ಇದ್ದರೆ ಅದನ್ನೂ ತೆಗೆಯಿರಿ. ಅದಾದ ಮೇಲೂ ನೀವು ಏನನ್ನೂ ಒತ್ತದಿರುವಾಗ ಜಾಹೀರಾತಿನ ಟ್ಯಾಬುಗಳು ತಾವಾಗಿ ತೆರೆದುಕೊಂಡರೆ, ಅದು ಈ ಉತ್ತರದಲ್ಲಿ ಹೇಳಿದ ಯಾವ ಬಗೆಗೂ ಸೇರದ ಬೇರೆ ರೋಗ. ಆಗ ಆ ಕಂಪ್ಯೂಟರಿನಲ್ಲಿ ಅರ್ಜಿ ತುಂಬುವುದನ್ನು ಅಂದೇ ನಿಲ್ಲಿಸಿ, ತೆರೆದ ಟ್ಯಾಬಿನ ವಿಳಾಸವನ್ನೂ ಎಕ್ಸ್‌ಟೆನ್ಷನ್ ಪಟ್ಟಿಯನ್ನೂ ಬರೆದು ಇನ್ನೊಂದು ಪತ್ರ ಹಾಕಿ.